ಅಪ್‌ಡೇಟ್: 16ಕ್ಕೆ ಆನ್‌ಲೈನ್ ಅಂಗಡಿ, ಶುರು ಮಾಡಿಯೇಬಿಟ್ಟೆ!

16 ವರ್ಷದವಳು ಆನ್‌ಲೈನ್‌ನಲ್ಲಿ ಖಣದ (ರವಿಕೆ ಬಟ್ಟೆಯ) ಪೌಚ್ ಮಾರಬಹುದಾ ಅಂತ ಡೊಂಬಿವಲಿಯಿಂದ ಕೇಳಿದ್ದೆನಲ್ಲ, ಅಂಗಡಿ ಶುರುವಾಗಿದೆ!

ನೀವು ಹೇಳಿದ್ದು ಸರಿ. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರ ಕರಾರು ನಿಲ್ಲುವುದಿಲ್ಲ. ಅದಕ್ಕೇ ಸೆಲ್ಲರ್ ಖಾತೆ ಅಮ್ಮನ ಹೆಸರಲ್ಲಿದೆ. ಜಿಎಸ್‌ಟಿಗೆ ಜಾಸ್ತಿ ಹೆದರಿದ್ದೆ. ಆದರೆ 2023ರ ಅಕ್ಟೋಬರ್‌ನಿಂದ ಸಣ್ಣ ವಹಿವಾಟಿನವರು ಜಿಎಸ್‌ಟಿ ನೋಂದಣಿ ಬದಲು ಬರೀ ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು, ತಮ್ಮ ರಾಜ್ಯದೊಳಗೆ ಆನ್‌ಲೈನ್‌ನಲ್ಲಿ ಮಾರಬಹುದು. ಹಾಗಾಗಿ ಸದ್ಯ ಮಹಾರಾಷ್ಟ್ರ ಮಾತ್ರ. ಬೆಂಗಳೂರಿನವರು ದಯವಿಟ್ಟು ಸ್ವಲ್ಪ ಕಾಯಿರಿ.

ಚಿಕ್ಕಮ್ಮ ಗುಳೇದಗುಡ್ಡದಿಂದ ಕಳಿಸುವ ಖಣ ಕತ್ತರಿಸಿದ ಕಡೆ ಎಳೆ ಬಿಡುತ್ತದೆ. ಒಳಗೆ ಕಾಟನ್ ಲೈನಿಂಗ್ ಕೊಟ್ಟು, ಜಿಪ್ ಹತ್ತಿರ ಎರಡು ಹೊಲಿಗೆ ಹಾಕುತ್ತೇವೆ. ಫೋಟೋ ಮಾತ್ರ ಕಿಟಕಿ ಬೆಳಕಲ್ಲೇ. ಟ್ಯೂಬ್‌ಲೈಟ್‌ನಲ್ಲಿ ಕೆಂಪು ಬಣ್ಣ ಬೇರೆಯೇ ಕಾಣುತ್ತದೆ, ಆಮೇಲೆ ಕೊಂಡವರಿಗೆ ಬೇಜಾರು ಅಲ್ವಾ? ಮೊದಲ ಆರ್ಡರ್ ನಾಸಿಕ್‌ಗೆ ಹೋಯಿತು. ತುಂಬಾ ಥ್ಯಾಂಕ್ಸ್!