ಮಿದುಳು ಸಂಶೋಧನೆಯ ಪಿಎಚ್‌ಡಿ: ‘ಫುಲ್ಲಿ ಫಂಡೆಡ್’ ಅಂದರೆ ನಿಜಕ್ಕೂ ಏನೇನು ಸೇರಿರುತ್ತದೆ?

ನರತಂತು (ಪ್ರಶ್ನೆ)

ವಿದೇಶದಲ್ಲಿ ನರವಿಜ್ಞಾನದ ಪಿಎಚ್‌ಡಿ ಹುಡುಕುತ್ತಿದ್ದೇನೆ. ಆಸಕ್ತಿ ಇರುವುದು ಡಿಮೆನ್ಷಿಯಾ ಮತ್ತು ವಯಸ್ಸಾದಂತೆ ಮಿದುಳಿನಲ್ಲಾಗುವ ಬದಲಾವಣೆಗಳ ಬಗ್ಗೆ. ಜಾಹೀರಾತುಗಳಲ್ಲೆಲ್ಲ ‘ಫುಲ್ಲಿ ಫಂಡೆಡ್’ ಅಂತಲೇ ಇರುತ್ತದೆ. ಆದರೆ ಒಂದು ಕಡೆ ಸಂಬಳ ಅಂತಾರೆ, ಇನ್ನೊಂದು ಕಡೆ ಸ್ಟೈಪೆಂಡ್, ಮತ್ತೊಂದು ಕಡೆ ಕೊನೇ ಸಾಲಿನಲ್ಲಿ ‘ಸ್ಥಳೀಯ ವಿದ್ಯಾರ್ಥಿಗಳ ಶುಲ್ಕ ಮಾತ್ರ’ ಅಂತ ಸೇರಿಸಿರುತ್ತಾರೆ. ನನ್ನದು ಎಂ.ಎಸ್ಸಿ. ಸೈಕಾಲಜಿ, ಡಿಸರ್ಟೇಷನ್ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಮೇಲೆ. ಪೈಥಾನ್ ಬರುತ್ತದೆ, ವೆಟ್ ಲ್ಯಾಬ್ (ಜೀವಕೋಶ, ರಾಸಾಯನಿಕಗಳ ಪ್ರಯೋಗಾಲಯ) ಅನುಭವ ಇಲ್ಲ.

ಯಾವ ದೇಶದಲ್ಲಿ ಹಣದ ವ್ಯವಸ್ಥೆ ಹೇಗಿದೆ? ಜಾಹೀರಾತು ನೋಡಿದಾಗ ಮೊದಲು ಯಾವುದನ್ನು ಪರೀಕ್ಷಿಸಬೇಕು? ನನ್ನಂಥವರು ಅರ್ಜಿಗೆ ಮುಂಚೆ ಏನು ಮಾಡಿಟ್ಟುಕೊಂಡರೆ ಉಪಯೋಗ?

ಕಡತಗಾರ

‘ಫುಲ್ಲಿ ಫಂಡೆಡ್’ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅರ್ಥ ಯಾವುದೂ ಇಲ್ಲ. ಕೇಳಬೇಕಾದ್ದು ನಾಲ್ಕು: ಬೋಧನಾ ಶುಲ್ಕ ಯಾರು ಕಟ್ಟುತ್ತಾರೆ, ತಿಂಗಳ ಖರ್ಚಿಗೆ ಎಷ್ಟು, ಪ್ರಯೋಗದ ಖರ್ಚು ಯಾರದು, ಎಷ್ಟು ತಿಂಗಳು. ಮೊದಲೆರಡನ್ನು ಎಲ್ಲರೂ ಕೇಳುತ್ತಾರೆ. ಪೆಟ್ಟು ಬೀಳುವುದು ಕೊನೆಯ ಎರಡರಲ್ಲಿ.

ಬ್ರಿಟನ್‌ನಿಂದ ಶುರುಮಾಡೋಣ, ಗೊಂದಲ ಜಾಸ್ತಿ ಇರುವುದು ಅಲ್ಲೇ. ಸರ್ಕಾರಿ ಹಣ ಬರುವುದು ಯುಕೆಆರ್‌ಐ ಎಂಬ ಸಂಶೋಧನಾ ಅನುದಾನ ಸಂಸ್ಥೆಯ ಮೂಲಕ. 2021ರಿಂದ ಈ ಸ್ಟೂಡೆಂಟ್‌ಶಿಪ್‌ಗಳು ವಿದೇಶಿಯರಿಗೂ ತೆರೆದಿವೆ, ಆದರೆ ಒಂದು ವರ್ಷ ಸೇರುವ ತಂಡದಲ್ಲಿ ವಿದೇಶಿಯರಿಗೆ ಶೇ. 30ರ ಮಿತಿ ಇದೆ. ಹಾಗಾಗಿ ‘ಎಲ್ಲ ದೇಶದವರೂ ಅರ್ಜಿ ಹಾಕಬಹುದು’ ಅಂದರೂ ವಿದೇಶಿಯರ ನಡುವಿನ ಸ್ಪರ್ಧೆಯೇ ಬೇರೆ. 2025–26ಕ್ಕೆ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಅದಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಸ್ಥಳೀಯ ಮತ್ತು ವಿದೇಶಿ ಶುಲ್ಕದ ನಡುವಿನ ವ್ಯತ್ಯಾಸವನ್ನು ಯುಕೆಆರ್‌ಐ ವಿದ್ಯಾರ್ಥಿಯಿಂದ ವಸೂಲಿ ಮಾಡುವಂತಿಲ್ಲ. ದತ್ತಿ ಸಂಸ್ಥೆಗಳ ಹಣದಲ್ಲಿ ನಡೆಯುವ ಪ್ರಾಜೆಕ್ಟ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ನೀವು ನೋಡಿದ ‘ಸ್ಥಳೀಯ ಶುಲ್ಕ ಮಾತ್ರ’ ಹೆಚ್ಚಾಗಿ ಅಂಥ ಕಡೆಯದೇ, ಮತ್ತು ಡಿಮೆನ್ಷಿಯಾ ಕ್ಷೇತ್ರದಲ್ಲಿ ದತ್ತಿ ಹಣ ದೊಡ್ಡದು. ಆ ವ್ಯತ್ಯಾಸ ವರ್ಷಕ್ಕೆ ಸಾವಿರಾರು ಪೌಂಡ್. ವಿಭಾಗ ತುಂಬಿಕೊಡುತ್ತದೆಂದು ಲಿಖಿತವಾಗಿ ಬರದಿದ್ದರೆ ಆ ಜಾಹೀರಾತನ್ನು ಬಿಟ್ಟುಬಿಡಿ. ಲಂಡನ್ನಿನ ಯುಸಿಎಲ್‌ನಲ್ಲಿರುವ ಗ್ಯಾಟ್ಸ್‌ಬಿ ಘಟಕ ಬೇರೆ ತರಹ. ಅಲ್ಲಿ ಯಾವ ದೇಶದವರಾದರೂ ಶುಲ್ಕವೂ ಸೇರಿ ನಾಲ್ಕು ವರ್ಷದ ಹಣ ಸಿಗುತ್ತದೆ. ಆದರೆ ಅದು ಗಣಿತ ಗಟ್ಟಿ ಇರುವವರ ಜಾಗ.

ಜರ್ಮನಿಯಲ್ಲಿ ಬಹುತೇಕ ಪಿಎಚ್‌ಡಿ ಒಂದು ಉದ್ಯೋಗ ಕರಾರು. ಜಾಹೀರಾತಿನಲ್ಲಿ ‘ಟಿವಿ-ಎಲ್ ಇ13, 65%’ ಅಂತ ಕಂಡರೆ, ಸಂಶೋಧಕರ ವೇತನ ಶ್ರೇಣಿಯ ಶೇ. 65 ಎಂದರ್ಥ. ಕೆಲಸ ಮಾತ್ರ ಪೂರ್ತಿ ಹೊತ್ತಿನದು, ಅದನ್ನು ಯಾರೂ ಮುಚ್ಚಿಡುವುದಿಲ್ಲ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಬರುತ್ತದೆ. ಅದೇ ದೇಶದಲ್ಲಿ ಕರಾರು ಇಲ್ಲದ ಸ್ಕಾಲರ್‌ಶಿಪ್ ಸಿಕ್ಕರೆ ವಿಮೆ ನಿಮ್ಮ ಜೇಬಿನಿಂದ, ಪಿಂಚಣಿ ಜಮೆಯಾಗುವುದಿಲ್ಲ. ಎರಡರ ಅಂಕಿಯನ್ನು ನೇರವಾಗಿ ಹೋಲಿಸಬೇಡಿ. ನಿಮ್ಮ ವಿಷಯಕ್ಕೆ ಡಿಝಡ್‌ಎನ್‌ಇ ನೋಡಲೇಬೇಕು. ಅದು ನರಕ್ಷಯ ಕಾಯಿಲೆಗಳಿಗೇ ಮೀಸಲಾದ ಕೇಂದ್ರ, ಮುಖ್ಯ ಕಚೇರಿ ಬಾನ್‌ನಲ್ಲಿ, ಶಾಖೆಗಳು ಹಲವು ಊರುಗಳಲ್ಲಿ.

ನೆದರ್‌ಲೆಂಡ್ಸ್‌ನಲ್ಲೂ ಇದು ನೌಕರಿಯೇ, ನಾಲ್ಕು ವರ್ಷ. ಕರಾರು ಮೊದಲು ಒಂದು ವರ್ಷ ಅಥವಾ ಸ್ವಲ್ಪ ಹೆಚ್ಚಿಗೆ ಇದ್ದು, ಮೌಲ್ಯಮಾಪನ ಆದಮೇಲೆ ಮುಂದುವರಿಯುವುದು ರೂಢಿ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಸಂಶೋಧನೆಗೆ ಪಾಠ ಮಾಡುವ ಕೆಲಸ ಶೇ. 20ರವರೆಗೆ ಸೇರಿ ಐದಕ್ಕೆ ಹೋಗಬಹುದು.

ಅಮೆರಿಕದಲ್ಲಿ ನೀವು ಸೇರುವುದು ಕಾರ್ಯಕ್ರಮಕ್ಕೆ, ಒಬ್ಬ ಪ್ರೊಫೆಸರ್‌ಗಲ್ಲ. ಶುಲ್ಕ ಮನ್ನಾ, ಸ್ಟೈಪೆಂಡ್, ಆರೋಗ್ಯ ವಿಮೆ ಒಟ್ಟಿಗೆ ಬರುತ್ತವೆ. ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ರೊಟೇಷನ್, ಆಮೇಲೆ ಗೈಡ್ ಆಯ್ಕೆ, ಒಟ್ಟು ಐದರಿಂದ ಆರು ವರ್ಷ. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ ಪಿಎಚ್‌ಡಿ ತರಬೇತಿಗೆ ಕೊಡುವ ಟಿ32 ಹಾಗೂ ಎಫ್31 ಹಣ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆದ್ದರಿಂದ ಕೆಲವು ಕಾರ್ಯಕ್ರಮಗಳು ವಿದೇಶಿಯರಿಗೆ ಬೆರಳೆಣಿಕೆಯ ಸೀಟು ಇಡುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ಕೇಳಿಬಿಡಿ.

ವೋಕ್ಸೆಲ್

ಕಡತಗಾರರು ಹೇಳಿದ ‘ಎಷ್ಟು ತಿಂಗಳು’ ಅನ್ನುವುದನ್ನು ಪ್ರಾಜೆಕ್ಟ್‌ನ ಪಕ್ಕ ಇಟ್ಟು ನೋಡಬೇಕು. ಮಿದುಳಿನ ವಯಸ್ಸಾಗುವಿಕೆ ನಿಧಾನದ ವಿಷಯ, ಹಣ ಮಾತ್ರ ಹಲವು ಕಡೆ ಮೂರು ವರ್ಷಕ್ಕೆ ನಿಲ್ಲುತ್ತದೆ.

ಇಲಿ ಉದಾಹರಣೆ ತೆಗೆದುಕೊಳ್ಳಿ. 5ಎಕ್ಸ್‌ಎಫ್‌ಎಡಿ ಎಂಬ ಅಲ್ಝೈಮರ್ ಮಾದರಿ ಇಲಿಯಲ್ಲಿ ಎರಡು ತಿಂಗಳಿಗೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆಗಳು (ಪ್ಲಾಕ್) ಕಾಣಿಸುತ್ತವೆ. ಎಪಿಪಿ/ಪಿಎಸ್1 ಎಂಬ ಇನ್ನೊಂದು ಮಾದರಿ ಇಲಿಯಲ್ಲಿ ಸುಮಾರು ಆರು ತಿಂಗಳು ಬೇಕು. ಸಹಜವಾಗಿ ಮುದಿಯಾದ ಇಲಿ ಬೇಕೆಂದರೆ 18ರಿಂದ 24 ತಿಂಗಳು ಸಾಕಬೇಕು. ಆ ವಯಸ್ಸಿನ ಇಲಿಗಳು ಲ್ಯಾಬ್‌ನಲ್ಲಿ ಈಗಾಗಲೇ ಇಲ್ಲದಿದ್ದರೆ ಮೂರು ವರ್ಷದ ಹಣದಲ್ಲಿ ಆ ಪ್ರಯೋಗವನ್ನು ಒಂದು ಸಲ ಮಾಡಬಹುದು, ತಪ್ಪಿದರೆ ಮತ್ತೊಮ್ಮೆ ಮಾಡಲು ಸಮಯ ಇರುವುದಿಲ್ಲ.

ಮನುಷ್ಯರ ಮೇಲಿನ ಅಧ್ಯಯನದಲ್ಲಿ ಅಡ್ಡಿ ಬೇರೆ. ಎಥಿಕ್ಸ್ ಕಮಿಟಿಯ ಅನುಮತಿಗೇ ತಿಂಗಳುಗಳು ಹೋಗುತ್ತವೆ. ರೋಗಿಗಳ ನೇಮಕಾತಿ ಅಂದುಕೊಂಡ ವೇಗದಲ್ಲಿ ನಡೆಯುವುದಿಲ್ಲ. ಎಂಆರ್‌ಐ ಸ್ಕ್ಯಾನರ್‌ಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ, ಅದು ನಿಮ್ಮ ಸ್ಟೈಪೆಂಡ್‌ನಲ್ಲಿ ಸೇರಿರುವುದಿಲ್ಲ. ‘ಅನುಮತಿ ಬಂದಿದೆಯೇ? ಸ್ಕ್ಯಾನ್ ಗಂಟೆಗಳಿಗೆ ಹಣ ಮಂಜೂರಾಗಿದೆಯೇ?’ ಇವೆರಡನ್ನು ಸಂದರ್ಶನದಲ್ಲಿ ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಗೈಡ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಸಂಗ್ರಹವಾಗಿರುವ ದತ್ತಾಂಶದ ಮೇಲಿನ ಪ್ರಾಜೆಕ್ಟ್ ನಿಮ್ಮ ಹಿನ್ನೆಲೆಗೆ ಹೆಚ್ಚು ಹೊಂದುತ್ತದೆ. ಅರ್ಜಿಗೆ ಮುಂಚೆ ಒಂದು ಸಣ್ಣ ವಿಶ್ಲೇಷಣೆ ಮುಗಿಸಿ, ಕೋಡ್ ಸಾರ್ವಜನಿಕವಾಗಿ ಇಡಿ. ಓಪನ್‌ನ್ಯೂರೊ ಎಂಬ ಜಾಲತಾಣದಲ್ಲಿ ಡಿಎಸ್004504 ಅನ್ನುವ ಇಇಜಿ ದತ್ತಾಂಶ ಉಚಿತವಾಗಿ ಸಿಗುತ್ತದೆ. ಒಟ್ಟು 88 ಜನ: ಅಲ್ಝೈಮರ್‌ನವರು 36, ಫ್ರಂಟೊಟೆಂಪೊರಲ್ ಡಿಮೆನ್ಷಿಯಾದವರು 23, ಆರೋಗ್ಯವಂತರು 29. ಕಣ್ಣು ಮುಚ್ಚಿದ ಸ್ಥಿತಿಯ ದಾಖಲೆ, 19 ಎಲೆಕ್ಟ್ರೋಡ್, 500 ಹರ್ಟ್ಸ್. ಅಲ್ಝೈಮರ್‌ನಲ್ಲಿ ಮಿದುಳಿನ ಅಲೆಗಳ ಆಲ್ಫಾ ಲಯ ನಿಧಾನಗೊಂಡು, ಅದಕ್ಕಿಂತ ನಿಧಾನದ ಥೀಟಾ ಲಯ ಹೆಚ್ಚುವುದು ಹಳೆಯ, ಗಟ್ಟಿಯಾದ ಫಲಿತಾಂಶ. ಇಇಜಿ ವಿಶ್ಲೇಷಣೆಯ ತಂತ್ರಾಂಶ ಎಂಎನ್‌ಇ-ಪೈಥಾನ್‌ನಲ್ಲಿ ಅದನ್ನು ಮತ್ತೆ ತೋರಿಸಿದರೂ ಸಾಕು.

ಇಇಜಿ ನೋಡಿ ಕಾಯಿಲೆ ಗುರುತಿಸುವ ಕಂಪ್ಯೂಟರ್ ಮಾದರಿ ಕಟ್ಟಲು ಹೊರಟರೆ ಎಲ್ಲರೂ ಎಡವುವ ಜಾಗ ಒಂದಿದೆ. ದಾಖಲೆಯನ್ನು ಸೆಕೆಂಡುಗಳ ತುಂಡುಗಳಾಗಿ ಮಾಡಿ, ತುಂಡುಗಳನ್ನು ಕಲೆಸಿ, ತರಬೇತಿಗೆ ಅಷ್ಟು ಪರೀಕ್ಷೆಗೆ ಇಷ್ಟು ಅಂತ ಹಂಚಿದರೆ ಒಬ್ಬನೇ ವ್ಯಕ್ತಿಯ ತುಂಡುಗಳು ಎರಡೂ ಕಡೆ ಬೀಳುತ್ತವೆ. ಆಗ ಮಾದರಿ ಕಾಯಿಲೆಯನ್ನಲ್ಲ, ವ್ಯಕ್ತಿಯನ್ನು ಗುರುತಿಸುತ್ತಿರುತ್ತದೆ, ನಿಖರತೆ ಮಾತ್ರ ಅದ್ಭುತವಾಗಿ ಕಾಣುತ್ತದೆ. ಹಂಚಿಕೆ ಯಾವಾಗಲೂ ವ್ಯಕ್ತಿವಾರು ಇರಲಿ. ಅಂಕಿ ಕಡಿಮೆ ಬರುತ್ತದೆ, ಬರಲಿ. ವ್ಯಕ್ತಿವಾರು ಹಂಚಿದ ಅರ್ಜಿದಾರನನ್ನು ಆಯ್ಕೆ ಸಮಿತಿಯಲ್ಲಿ ವಿಷಯ ಗೊತ್ತಿರುವವರು ತಕ್ಷಣ ಗುರುತಿಸುತ್ತಾರೆ.

ಎಂಆರ್‌ಐ ಕಲಿಯಬೇಕೆಂದರೆ ಅಲ್ಝೈಮರ್ ಅಧ್ಯಯನದ ಸ್ಕ್ಯಾನ್ ಸಂಗ್ರಹವಾದ ಎಡಿಎನ್‌ಐಗೆ ಆನ್‌ಲೈನ್ ಅರ್ಜಿ ಹಾಕಿ, ಬಳಕೆ ಒಪ್ಪಂದಕ್ಕೆ ಸಹಿ ಮಾಡಿ ದತ್ತಾಂಶ ಪಡೆಯಬಹುದು. ಯುಕೆ ಬಯೋಬ್ಯಾಂಕ್ ಬೇಡ. ಐದು ಲಕ್ಷ ಜನರ ಆರೋಗ್ಯ ಮಾಹಿತಿಯ ಅಮೂಲ್ಯ ಸಂಗ್ರಹ ನಿಜ, ಆದರೆ ಅದಕ್ಕೆ ಸಂಸ್ಥೆಯ ಮೂಲಕ ಹೋಗಬೇಕು, ಶುಲ್ಕವೂ ಇದೆ.

ನರತಂತು

ತುಂಬಾ ಉಪಯೋಗವಾಯಿತು. ಎರಡು ಅನುಮಾನ. ಯುರೋಪಿಯನ್ ಒಕ್ಕೂಟದ ಹಣದ ಮೇರಿ ಕ್ಯೂರಿ ಪಿಎಚ್‌ಡಿ ಹುದ್ದೆಗಳಲ್ಲಿ ‘ಮೊಬಿಲಿಟಿ ನಿಯಮ’ ಅಂದರೇನು? ಇನ್ನೊಂದು, ‘ಗೈಡ್ ಆಗಲು ಒಪ್ಪಿಗೆ ಇದೆ, ಹಣ ನೀವೇ ತನ್ನಿ’ ಅಂತ ಪ್ರೊಫೆಸರ್ ಉತ್ತರಿಸಿದರೆ ಅದನ್ನು ಪ್ರವೇಶ ಅಂತ ತಿಳಿಯಬಹುದೇ?

ಕಡತಗಾರ

ನೇಮಕದ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ಆ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ ಅಥವಾ ಮುಖ್ಯ ಕೆಲಸ ಮಾಡಿರಬಾರದು. ಇಷ್ಟೇ ಆ ನಿಯಮ. ಯಾವ ದೇಶದ ಪ್ರಜೆ ಅನ್ನುವುದು ಮುಖ್ಯವಲ್ಲ. ಎರಡು ವರ್ಷ ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಸಿದವರು ತಕ್ಷಣ ಜರ್ಮನಿಯ ಹುದ್ದೆಗೆ ಅನರ್ಹರಾಗುತ್ತಾರೆ, ಹಲವು ದೇಶಗಳ ಸಂಸ್ಥೆಗಳು ಸೇರಿದ ಅದೇ ಜಾಲದ ಫ್ರಾನ್ಸ್ ಹುದ್ದೆಗೆ ಅರ್ಹರು. ಆಗಲೇ ಪಿಎಚ್‌ಡಿ ಆಗಿರಬಾರದು ಅನ್ನುವುದು ಇನ್ನೊಂದು ಷರತ್ತು. ಹುದ್ದೆಗಳು ಯುರಾಕ್ಸೆಸ್ ತಾಣದಲ್ಲಿ ಬರುತ್ತವೆ, ವರ್ಷದ ಯಾವ ತಿಂಗಳಲ್ಲಾದರೂ.

ಇಲ್ಲಿ ಎರಡು ಎಚ್ಚರಿಕೆ. ಜಾಹೀರಾತಿನ ದೊಡ್ಡ ಮೊತ್ತದಲ್ಲಿ ಉದ್ಯೋಗದಾತರು ಕಟ್ಟಬೇಕಾದ ಸಾಮಾಜಿಕ ಭದ್ರತೆಯ ಪಾಲೂ ಸೇರಿರುತ್ತದೆ. ಅದು ಕಳೆದು, ನಿಮ್ಮ ತೆರಿಗೆಯೂ ಕಳೆದ ಮೇಲೆ ಉಳಿಯುವುದು ಬಹಳ ಕಡಿಮೆ. ಕೈಗೆ ಬರುವ ಮೊತ್ತವನ್ನೇ ಕೇಳಿ. ಎರಡನೆಯದು, ಈ ಹಣ ಸಾಮಾನ್ಯವಾಗಿ 36 ತಿಂಗಳಿಗೆ. ಅದರಲ್ಲಿ ಬೇರೆ ಸಂಸ್ಥೆಗಳಿಗೆ ಹೋಗಿ ಕೆಲಸ ಮಾಡುವ ಅವಧಿಯೂ ಸೇರಿರುತ್ತದೆ. ಪದವಿಗೆ ನಾಲ್ಕು ವರ್ಷ ಹಿಡಿಯುವ ವಿಶ್ವವಿದ್ಯಾಲಯವಾದರೆ ನಾಲ್ಕನೇ ವರ್ಷದ ಸಂಬಳ ಎಲ್ಲಿಂದ ಅಂತ ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿ.

‘ಹಣ ತನ್ನಿ’ ಅನ್ನುವ ಉತ್ತರ ಪ್ರವೇಶವಲ್ಲ, ಆದರೆ ಕಸದ ಬುಟ್ಟಿಗೂ ಹಾಕಬೇಡಿ. ಜರ್ಮನಿಯ ವಿದ್ಯಾರ್ಥಿವೇತನ ಸಂಸ್ಥೆ ಡಿಎಎಡಿಯ ಡಾಕ್ಟರಲ್ ಅರ್ಜಿಗೆ ಗೈಡ್‌ನ ಒಪ್ಪಿಗೆ ಪತ್ರ ಬೇಕು. ಅಲ್ಲಿ ಕೊನೆಯ ಪದವಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕ ಅರ್ಜಿ ಇಲ್ಲ. ಡಿಸೆಂಬರ್ ಅಥವಾ ಜನವರಿಯ ಗಡುವಿನೊಳಗೆ ಕೋರ್ಸ್‌ಗೆ ಅರ್ಜಿ ಹಾಕಿದರೆ ತಾನಾಗಿ ಪರಿಗಣಿಸುತ್ತಾರೆ. ಕೇಂಬ್ರಿಡ್ಜ್‌ನ ಗೇಟ್ಸ್ ವಿದ್ಯಾರ್ಥಿವೇತನಕ್ಕೆ ಕೋರ್ಸ್‌ನ ಅರ್ಜಿಯೊಳಗೇ ಬೇರೆ ಹೇಳಿಕೆ ಬರೆಯಬೇಕು.

ಆಲ್ಫಾಲಯ

ವಿಷಯ ಬದಲಿಸಿ ಬರುವವರಿಗೆ ರೊಟೇಷನ್ ಇರುವ ಕಾರ್ಯಕ್ರಮಗಳು ಯುರೋಪ್, ಏಷ್ಯಾದಲ್ಲೂ ಇವೆ. ಆಸ್ಟ್ರಿಯಾದ ಐಎಸ್‌ಟಿಎ, ಜಪಾನಿನ ಓಐಎಸ್‌ಟಿ ಎಂಬ ಸಂಶೋಧನಾ ಸಂಸ್ಥೆಗಳು ಎರಡೂ ಮೊದಲ ವರ್ಷ ಲ್ಯಾಬ್‌ಗಳನ್ನು ಸುತ್ತಿಸುತ್ತವೆ, ಹಣ ಕಾರ್ಯಕ್ರಮದ್ದೇ. ಗೋಟಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ನರವಿಜ್ಞಾನ ಶಾಲೆ ಪದವಿ ಮುಗಿಸಿದವರನ್ನೂ ಎಂ.ಎಸ್ಸಿ.-ಪಿಎಚ್‌ಡಿ ಜಂಟಿ ಮಾರ್ಗದಲ್ಲಿ ತೆಗೆದುಕೊಳ್ಳುತ್ತದೆ.

ಇನ್ನು ಪ್ರೊಫೆಸರ್‌ಗೆ ಮೇಲ್. ಇನ್ನೂರು ಪದ ದಾಟಬೇಡಿ. ಮೊದಲ ಸಾಲಿನಲ್ಲೇ ಯಾವ ವರ್ಷದ ಪ್ರವೇಶ, ಯಾವ ಹಣದ ದಾರಿ ಅಂತ ಹೇಳಿ. ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರಲ್ಲಿ ಬಗೆಹರಿಯದ ಒಂದು ಪ್ರಶ್ನೆ ಎತ್ತಿ. ‘ನಿಮ್ಮ ಕೆಲಸದಿಂದ ಸ್ಫೂರ್ತಿಗೊಂಡಿದ್ದೇನೆ’ ಅನ್ನುವ ಸಾಲು ದಿನಕ್ಕೆ ಹತ್ತು ಸಲ ಅವರ ಕಣ್ಣಿಗೆ ಬೀಳುತ್ತದೆ. ಕೋಡ್‌ನ ಕೊಂಡಿ ಕೊಡಿ, ಅಂಕಪಟ್ಟಿ ಕೇಳಿದಾಗ ಕಳಿಸಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. ಅಮೆರಿಕದ ಗಡುವು ಬಹುತೇಕ ಡಿಸೆಂಬರ್ ಮೊದಲೆರಡು ವಾರ, ಹಾಗಾಗಿ ಮೇಲ್ ಸೆಪ್ಟೆಂಬರ್‌ನಲ್ಲಿ ಹೋಗಬೇಕು. ಶಿಫಾರಸು ಪತ್ರ ಕೊಡುವ ಮೂವರಿಗೂ ಆಗಲೇ ತಿಳಿಸಿ. ಅರ್ಜಿಗಳು ಅಪೂರ್ಣವಾಗಿ ಬೀಳುವುದು ಹೆಚ್ಚಾಗಿ ಮೂರನೇ ಪತ್ರ ಬಾರದೆ.

ಕಡತಗಾರ

ಬ್ರಿಟನ್ ಬಗ್ಗೆ ಒಂದು ಬಿಟ್ಟುಹೋಗಿತ್ತು. ವೀಸಾ ಜೊತೆ ಆರೋಗ್ಯ ಸರ್ಚಾರ್ಜ್ ಕಟ್ಟಬೇಕು, ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಅದನ್ನು ಪೂರ್ತಿ ಅವಧಿಗೆ ಮುಂಗಡವಾಗಿ ಕಟ್ಟಬೇಕಾಗಿರುವುದರಿಂದ ನಾಲ್ಕು ವರ್ಷಕ್ಕೆ 3,000 ಪೌಂಡ್ ದಾಟುತ್ತದೆ, ಅದೂ ಮೊದಲ ಸ್ಟೈಪೆಂಡ್ ಬರುವ ಮುಂಚೆ. ಕೆಲವು ಕಾರ್ಯಕ್ರಮಗಳು ಇದನ್ನು ಹಿಂದಿರುಗಿಸುತ್ತವೆ, ಹಲವು ಹಿಂದಿರುಗಿಸುವುದಿಲ್ಲ. ಆಫರ್ ಲೆಟರ್‌ನಲ್ಲಿ ಇದರ ಮಾತೇ ಇಲ್ಲದಿದ್ದರೆ ಕಾರ್ಯಕ್ರಮದ ಆಡಳಿತಾಧಿಕಾರಿಗೆ ಬರೆಯಿರಿ. ಇಂಥ ಪ್ರಶ್ನೆಗೆ ಉತ್ತರ ಇರುವುದು ಪ್ರೊಫೆಸರ್ ಬಳಿ ಅಲ್ಲ, ಅವರ ಹತ್ತಿರ.