ರೆಕಾರ್ಡಿನ ‘ರಾಯಲ್ಟಿ’ಗೆ ‘ಗೌರವಧನ’ ಸರಿಯೇ? (ರೂತ್ ಬ್ರೌನ್ ಲೇಖನ)

ಪ್ರಶ್ನೆ:
ನಮಸ್ಕಾರ. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಗಾಯಕಿ ರೂತ್ ಬ್ರೌನ್ (1928–2006) ಕುರಿತ ಲೇಖನವೊಂದು ಕನ್ನಡಕ್ಕೆ ಆಗಬೇಕಿದೆ. ಅದರಲ್ಲಿ ‘ರಾಯಲ್ಟಿ’, ‘ಅಡ್ವಾನ್ಸ್’, ‘ರಿಕೂಪ್’ ಮೂರೂ ಒಟ್ಟಿಗೇ ಬರುತ್ತವೆ. ರಾಯಲ್ಟಿಗೆ ‘ಗೌರವಧನ’ ಹಾಕಬಹುದೇ? ‘ರಿಕೂಪ್’ಗೆ ‘ನಷ್ಟ ತುಂಬಿಕೊಳ್ಳು’ ಒಪ್ಪುತ್ತದೆಯೇ?

ಉತ್ತರ 1:
‘ಗೌರವಧನ’ ಖಂಡಿತ ಬೇಡ. ಸಭೆಗೆ ಬಂದ ಅತಿಥಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದು ಗೌರವಧನ. ಮೊತ್ತ ಎಷ್ಟೆಂದು ಕೊಡುವವರೇ ಗೊತ್ತುಮಾಡುತ್ತಾರೆ. ರೂತ್ ಬ್ರೌನ್ ಹೋರಾಡಿದ್ದು ಒಪ್ಪಂದದಂತೆ ಬರಬೇಕಾದ ಪಾಲಿಗಾಗಿ. ‘ರಾಜಧನ’ ಎಂದರೆ ಗಣಿ ಇಲಾಖೆಯ ಅದಿರು, ಮರಳು ನೆನಪಾಗುತ್ತದೆ. ‘ರಾಯಲ್ಟಿ’ ಅಂತಲೇ ಇಟ್ಟು, ಮೊದಲ ಸಲ ಬಂದ ಕಡೆ ‘ಮಾರಾಟದ ಪಾಲು’ ಎಂದು ಬಿಡಿಸಿ ಹೇಳಿದರೆ ಸಾಕು. ‘ಅಡ್ವಾನ್ಸ್’ಗೆ ‘ಮುಂಗಡ’ ಇದ್ದೇ ಇದೆ.

‘ರಿಕೂಪ್’ಗೆ ‘ಮುರಿದುಕೊಳ್ಳು’ ಹಾಕಿ. ‘ಸಂಬಳದಲ್ಲಿ ಮುರಿದುಕೊಂಡರು’ ಎನ್ನುತ್ತೇವಲ್ಲ, ಅದೇ. ‘ನಷ್ಟ ತುಂಬಿಕೊಂಡಿತು’ ಎಂದರೆ ಯಾರ ದುಡ್ಡಿನಿಂದ ಎಂಬುದೇ ಮರೆಯಾಗುತ್ತದೆ, ಈ ಲೇಖನದ ಜೀವ ಇರುವುದೋ ಅಲ್ಲೇ. ಲೆಕ್ಕ ಹೀಗೆ ನಡೆಯುತ್ತದೆ (ಅಂಕಿಗಳು ಉದಾಹರಣೆಗೆ ಮಾತ್ರ): ರೆಕಾರ್ಡಿನ ಬೆಲೆ 1 ಡಾಲರ್, ಗಾಯಕಿಯ ಪಾಲು 5 ಸೆಂಟ್. ಸ್ಟುಡಿಯೋ ಬಾಡಿಗೆ, ವಾದ್ಯದವರ ಕೂಲಿ, ಗಾಯಕಿಯ ಕೈಗೆ ಕೊಟ್ಟ ಮುಂಗಡ ಎಲ್ಲ ಸೇರಿ 600 ಡಾಲರ್. ಇದನ್ನು ಕಂಪನಿ ತನ್ನ ಪಾಲಿನಿಂದ ಕಳೆಯುವುದಿಲ್ಲ, ಗಾಯಕಿಯ 5 ಸೆಂಟಿನಲ್ಲೇ ಮುರಿದುಕೊಳ್ಳುತ್ತದೆ. 12,000 ರೆಕಾರ್ಡು ಮಾರಾಟವಾಗುವವರೆಗೆ ಅವರಿಗೆ ಬಿಡಿಗಾಸೂ ಇಲ್ಲ. ಅಷ್ಟರಲ್ಲಿ ಮುಂದಿನ ಧ್ವನಿಮುದ್ರಣದ ಖರ್ಚೂ ಅದೇ ಖಾತೆಗೆ ಬೀಳುತ್ತದೆ. ಒಂದು ಹಾಡು ಗೆದ್ದರೆ ಸೋತ ನಾಲ್ಕರ ಬಾಕಿಯನ್ನು ಅದೇ ಹೊರಬೇಕು. ಇಟ್ಟಿಗೆ ಗೂಡಿನ ಮುಂಗಡದ ಹಾಗೆ, ದುಡಿದಷ್ಟೂ ತೀರದು.

ಅವರು ಸಣ್ಣ ಗಾಯಕಿಯೇನಲ್ಲ. ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ 1950ರಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು. ಅವರ ರೆಕಾರ್ಡ್ ಕಂಪನಿ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ‘ರೂತ್ ಕಟ್ಟಿದ ಮನೆ’ ಎಂದೇ ಹೆಸರಾಗಿತ್ತು. ಅಂಥವರು 1960ರ ದಶಕದಲ್ಲಿ ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು. ‘ಮುರಿದುಕೊಳ್ಳು’ ಎಂಬ ಪದವಿಲ್ಲದೆ ಇದು ಓದುಗರಿಗೆ ಅರ್ಥವೇ ಆಗುವುದಿಲ್ಲ.

ಉತ್ತರ 2:
‘ಮುರಿದುಕೊಳ್ಳು’ಗೆ ನನ್ನ ಒಪ್ಪಿಗೆಯೂ ಇದೆ. ಆದರೆ ‘ರಾಯಲ್ಟಿ’ ಒಂದೇ ಪದ ಸಾಲದು. ‘ಟಿಯರ್‌ಡ್ರಾಪ್ಸ್’ ಹಾಡು ಬರೆದವರು ರೂಡಿ ಟೂಮ್ಸ್. ಅಮೆರಿಕದ ರೇಡಿಯೋ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ಹಾಗಾಗಿ ‘ಬರೆದವರ ರಾಯಲ್ಟಿ’, ‘ಹಾಡಿದವರ ರಾಯಲ್ಟಿ’ ಎಂದು ಬೇರೆಬೇರೆ ಬರೆಯಿರಿ. ಇಲ್ಲದಿದ್ದರೆ ರೇಡಿಯೋದಲ್ಲಿ ದಿನವಿಡೀ ಹಾಡು ಬರುತ್ತಿದ್ದರೂ ಗಾಯಕಿಗೆ ಯಾಕೆ ಏನೂ ಸಿಗಲಿಲ್ಲ ಎಂಬ ಗೊಂದಲ ಉಳಿಯುತ್ತದೆ.

‘ರಿದಮ್ ಅಂಡ್ ಬ್ಲೂಸ್’ ಅನ್ನು ಅನುವಾದಿಸಬೇಡಿ. ‘ರೇಸ್ ರೆಕಾರ್ಡ್ಸ್’ (ಕಪ್ಪುಜನರ ಸಂಗೀತದ ರೆಕಾರ್ಡುಗಳು) ಪಟ್ಟಿಗೆ ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ ಕೊಟ್ಟ ಹೆಸರು ಅದು.

ಇನ್ನು 1988ರ ಘಟನೆ. ವಕೀಲ ಹೋವೆಲ್ ಬೆಗಲ್ ಜೊತೆ ರೂತ್ ಬ್ರೌನ್ ವರ್ಷಗಟ್ಟಲೆ ಹೋರಾಡಿದ ಮೇಲೆ ಅಟ್ಲಾಂಟಿಕ್ ಅವರ ಖಾತೆಯನ್ನೂ ಆ ಕಾಲದ ಇತರ ಕಲಾವಿದರ ಖಾತೆಗಳನ್ನೂ ಸರಿಪಡಿಸಿತು. ಇಲ್ಲಿ ‘ಸಾಲ ಮನ್ನಾ’ ಎಂದರೆ ಕಂಪನಿ ದಾನಿಯಾಗಿಬಿಡುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಕಲಾವಿದರ ಖಾತೆಯಲ್ಲಿ ತೋರಿಸಿದ್ದ ಬಾಕಿಯನ್ನು ಕಂಪನಿ ಬಿಟ್ಟುಕೊಟ್ಟಿತು, ಹಿಂದಿನ ವರ್ಷಗಳ ರಾಯಲ್ಟಿಯನ್ನೂ ಲೆಕ್ಕಹಾಕಿ ಸಂದಾಯ ಮಾಡಿತು.’