ಕೆ-ಟ್ರಾನ್ಸ್ ಮ್ಯಾಪ್ ಪೂರ್ತಿ ಉಬ್ಬಿದೆ, ವಿ-ಇ 1 ದಾಟಿದೆ. ಎಲ್ಲಿ ತಪ್ಪುತ್ತಿದೆ?

ಮಂಜಿನಹನಿ, ಮಡಿಕೇರಿ:
ಮಿದುಳಿನ ಗೆಡ್ಡೆಯ ಡೈನಾಮಿಕ್ ಕಾಂಟ್ರಾಸ್ಟ್ ಎಂಆರ್‌ಐ ಡೇಟಾ ಇದೆ (ಗ್ಯಾಡೋಲಿನಿಯಂ ಔಷಧಿ ರಕ್ತಕ್ಕೆ ಕೊಟ್ಟು ಒಂದರ ಹಿಂದೆ ಒಂದು ತೆಗೆದ ಚಿತ್ರಗಳು), ರೋಗಿಯ ವಿವರ ತೆಗೆದದ್ದು. ಎಕ್ಸ್‌ಟೆಂಡೆಡ್ ಟಾಫ್ಟ್ಸ್ ಮಾಡೆಲ್ ಹಾಕಿದೆ, ಔಷಧಿಯ ಏರಿಳಿತಕ್ಕೆ ಫಿಟ್ ಮಾಡಿ ಕೆ-ಟ್ರಾನ್ಸ್, ವಿ-ಇ ಲೆಕ್ಕ ಹಾಕುವ ಮಾಡೆಲ್. ಗೆಡ್ಡೆಯಲ್ಲಿ ಕೆ-ಟ್ರಾನ್ಸ್ ನಿಮಿಷಕ್ಕೆ 0.8, ವಿ-ಇ 1.3 ಬರುತ್ತಿದೆ. ಕೆ-ಟ್ರಾನ್ಸ್ ಅಂದರೆ ಔಷಧಿ ರಕ್ತದಿಂದ ಊತಕಕ್ಕೆ ದಾಟುವ ವೇಗ. ವಿ-ಇ ಅಂದರೆ ಜೀವಕೋಶಗಳ ನಡುವಿನ ಜಾಗದ ಪಾಲು, ಅದು 1 ದಾಟುವುದು ಹೇಗೆ? ಕೋಡ್ ನಾಲ್ಕು ಸಲ ಓದಿದೆ, ಸರಿಯಿದೆ. ಈ ಮಳೆಯಲ್ಲಿ ದಿನಕ್ಕೆ ಮೂರು ಗಂಟೆ ಕರೆಂಟ್ ಬಂದರೆ ಜಾಸ್ತಿ, ಅಷ್ಟರಲ್ಲೇ ಫಿಟ್ ಓಡಿಸಬೇಕು. ಸೋಮವಾರ ಗೈಡ್‌ಗೆ ತೋರಿಸಬೇಕು. ದಯವಿಟ್ಟು ಹೇಳಿ.

ಹೊಳೆದಂಡೆ, ಕುಶಾಲನಗರ:
ಸಮಯ ಸೆಕೆಂಡಿನಲ್ಲಿ ಕೊಟ್ಟು ನಿಮಿಷ ಅಂದುಕೊಂಡಿದ್ದೀರಾ? ನನಗೆ ಹಾಗೇ ಆಗಿತ್ತು.

ಗೋಣಿಕೊಪ್ಪ_ಫಿಸಿಕ್ಸ್:
ಸಮಯ ಅಲ್ಲ. ಸಮಯ ತಪ್ಪಿದರೆ ಕೆ-ಟ್ರಾನ್ಸ್ 60 ಪಟ್ಟು ತಪ್ಪುತ್ತದೆ, ಕೆಇಪಿ (ಔಷಧಿ ಊತಕದಿಂದ ರಕ್ತಕ್ಕೆ ವಾಪಸ್ ಬರುವ ವೇಗ) ಕೂಡ ಅಷ್ಟೇ ತಪ್ಪುತ್ತದೆ. ಕೆ-ಟ್ರಾನ್ಸ್ ಅನ್ನು ಕೆಇಪಿಯಿಂದ ಭಾಗಿಸಿದರೆ ಬರುವುದೇ ವಿ-ಇ, ಅದು ಅಲುಗುವುದಿಲ್ಲ. ಇಲ್ಲಿ ಎರಡೂ ಉಬ್ಬಿವೆ. ಹಾಗಾಗಿ ಎಐಎಫ್ (ರಕ್ತದಲ್ಲಿ ಔಷಧಿ ಏರಿಳಿಯುವ ಕರ್ವ್) ಮೇಲೇ ನನ್ನ ಅನುಮಾನ. ಎಲ್ಲಿಂದ ತೆಗೆದಿರಿ?

ಮಂಜಿನಹನಿ:
ಕುತ್ತಿಗೆಯ ಕೆರೋಟಿಡ್ ಅಪಧಮನಿಯಿಂದ.

ಗೋಣಿಕೊಪ್ಪ_ಫಿಸಿಕ್ಸ್:
ಅಲ್ಲೇ ಇದೆ ನೋಡಿ! ಸ್ಲ್ಯಾಬ್‌ನ ಕೆಳಗಿನ ಸ್ಲೈಸ್‌ಗೆ ಹೊಸ ರಕ್ತ ನುಗ್ಗುತ್ತಾ ಇರುತ್ತದೆ. ಅದಕ್ಕೆ ಇನ್ನೂ ಯಂತ್ರದ ರೇಡಿಯೋ ಪಲ್ಸ್ ಬಿದ್ದಿರುವುದಿಲ್ಲ. ಔಷಧಿ ಬರುವ ಮೊದಲೇ ನಾಳ ಬೆಳ್ಳಗೆ ಕಾಣುತ್ತದೆ, ಆಮೇಲಿನ ಏರಿಕೆ ಸಣ್ಣದಾಗುತ್ತದೆ. ಪೀಕ್ ಕುಗ್ಗಿದರೆ ಕೆ-ಟ್ರಾನ್ಸ್, ವಿ-ಇ ಎರಡೂ ಉಬ್ಬುತ್ತವೆ. ಸುಪೀರಿಯರ್ ಸ್ಯಾಜಿಟಲ್ ಸೈನಸ್‌ನಿಂದ (ತಲೆಯ ಮೇಲ್ಭಾಗದ ದೊಡ್ಡ ಅಭಿಧಮನಿ) ತೆಗೆಯಿರಿ.

ಕಾಫಿತೋಟ77, ಅಮ್ಮತ್ತಿ:
ಸುಮ್ನೆ ಪಾರ್ಕರ್ 2006ರ ಪೇಪರಿನಲ್ಲಿರುವ, ಹಲವು ರೋಗಿಗಳ ಸರಾಸರಿ ಎಐಎಫ್ ಹಾಕಿ.

ಗೋಣಿಕೊಪ್ಪ_ಫಿಸಿಕ್ಸ್:
ಸರಾಸರಿ ಎಐಎಫ್ ಹಾಕಿದರೆ ಈ ರೋಗಿಯ ಹೃದಯ ಎಷ್ಟು ರಕ್ತ ತಳ್ಳುತ್ತಿದೆ ಅನ್ನುವುದೇ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಹಾಕಿದಿರಾ? ಗ್ಯಾಡೋಲಿನಿಯಂ ಕೆಂಪು ಕಣದೊಳಗೆ ಹೋಗುವುದಿಲ್ಲ, ಪ್ಲಾಸ್ಮಾದಲ್ಲೇ ಇರುತ್ತದೆ. 0.45 ಇದ್ದರೆ ರಕ್ತದ ಲೆಕ್ಕವನ್ನು 0.55ರಿಂದ ಭಾಗಿಸಬೇಕು.

ಕಾಫಿತೋಟ77:
ಹೆಂಗಸರಿಗೂ 0.45 ಹಾಕುತ್ತೀರಾ? ಅವರಿಗೆ ಕಡಿಮೆ ಇರುತ್ತದೆ.

ಗೋಣಿಕೊಪ್ಪ_ಫಿಸಿಕ್ಸ್:
ರೋಗಿ ಹೆಂಗಸು ಅಂತ ಇಲ್ಲಿ ಯಾರು ಹೇಳಿದರು?

ಮಂಜಿನಹನಿ:
ಹೆಮಟೋಕ್ರಿಟ್ ಹಾಕಿದ್ದೇನೆ. ಸೈನಸ್‌ನಿಂದ ತೆಗೆದೆ, ಪೀಕ್ ಸ್ವಲ್ಪ ಎದ್ದಿತು. ಪಾರ್ಕರ್‌ದೂ ಹಾಕಿ ನೋಡಿದೆ. ವಿ-ಇ ಇನ್ನೂ 1.1. ದಯವಿಟ್ಟು ಜಗಳ ಬೇಡ.

ಕಾಫಿತೋಟ77:
ಫಿಟ್ ಎಷ್ಟು ಹೊತ್ತು ಓಡುತ್ತಿದೆ? ನನ್ನದು 64 ಜಿಬಿ ರ‍್ಯಾಮ್, ತೋಟದ ಮನೆ ಮೇಲೆ ಸೋಲಾರ್, ಎರಡು ಬ್ಯಾಟರಿ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಇಡೀ ಮಿದುಳು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಫಿಟ್ ಆಗುತ್ತದೆ.

ಹೊಳೆದಂಡೆ:
ಯಾವ ಇನ್ವರ್ಟರ್? ನಮ್ಮಲ್ಲೂ ಲೈನ್ ಮೇಲೆ ಮರ ಬಿದ್ದು ಎರಡು ದಿನ ಆಯಿತು.

ಮಂಜಿನಹನಿ:
ಇನ್ವರ್ಟರ್‌ಗೆ ಬೇರೆ ಥ್ರೆಡ್ ತೆರೆಯಿರಿ, ಕೈ ಮುಗಿಯುತ್ತೇನೆ.

ಏಲಕ್ಕಿಗಿಡ, ಸೋಮವಾರಪೇಟೆ:
ಎಐಎಫ್ ಸ್ವಲ್ಪ ಬದಿಗಿಡೋಣ. ಯಂತ್ರ ಎಷ್ಟು ಟೆಸ್ಲಾ? ಔಷಧಿ ಹಾಕುವ ಮುಂಚಿನ ಟಿ1 (ಪಲ್ಸ್ ಬಿದ್ದ ಮೇಲೆ ಊತಕ ಚೇತರಿಸಿಕೊಳ್ಳುವ ಸಮಯ) ಹೇಗೆ ಅಳೆದಿರಿ? ಗೆಡ್ಡೆ ಇಲ್ಲದ ಕಡೆ ಮಿದುಳಿನ ಬಿಳಿ ಭಾಗದ (ವೈಟ್ ಮ್ಯಾಟರ್) ಟಿ1 ಎಷ್ಟು ಬಂತು?

ಮಂಜಿನಹನಿ:
ಹೇಳಿಲ್ವಾ? 3 ಟೆಸ್ಲಾ. ಫ್ಲಿಪ್ ಆ್ಯಂಗಲ್ (ಪಲ್ಸ್ ಓರೆಯಾಗಿಸುವ ಕೋನ) 2 ಡಿಗ್ರಿಯ ಒಂದು ಸರಣಿ, 15 ಡಿಗ್ರಿಯ ಇನ್ನೊಂದು, ಟಿಆರ್ (ಎರಡು ಪಲ್ಸ್ ನಡುವಿನ ಸಮಯ) 5 ಮಿಲಿಸೆಕೆಂಡ್. ರಕ್ತದ ಟಿ1 ಅಳೆದಿಲ್ಲ, 1650 ಅಂತ ಹಾಕಿದ್ದೇನೆ. ಬಿಳಿ ಭಾಗ ಈಗ ನೋಡಿದೆ, 370 ಮಿಲಿಸೆಕೆಂಡ್.

ಏಲಕ್ಕಿಗಿಡ:
370? 3 ಟೆಸ್ಲಾದಲ್ಲಿ ಅದು 800, 900ರ ಆಸುಪಾಸಿನಲ್ಲಿ ಇರಬೇಕು. ತಪ್ಪು ಇಲ್ಲೇ ಇದೆ. ಟಿ1 ಅರ್ಧಕ್ಕಿಂತ ಕೆಳಗೆ ಇಳಿದರೆ, ಅಷ್ಟೇ ಸಿಗ್ನಲ್ ಏರಿಕೆಗೆ ಗ್ಯಾಡೋಲಿನಿಯಂ ಎರಡು ಪಟ್ಟಿಗಿಂತ ಜಾಸ್ತಿ ಇದೆ ಅಂತ ಲೆಕ್ಕ ಹೇಳುತ್ತದೆ. ರಕ್ತಕ್ಕೆ 1650 ಕೂರಿಸಿದ್ದೀರಿ, ಅದು ಉಬ್ಬುವುದಿಲ್ಲ. ಊತಕ ಮಾತ್ರ ಉಬ್ಬುತ್ತದೆ. ಎರಡೂ ಸರಣಿಗಳ ಡೈಕಾಮ್ (ಸ್ಕ್ಯಾನ್ ಫೈಲ್) ಹೆಡರ್ ತೆರೆದು ರೀಸ್ಕೇಲ್ ಸ್ಲೋಪ್ ನೋಡಿ, ಫೈಲ್‌ನ ಅಂಕಿಯನ್ನು ನಿಜ ಸಿಗ್ನಲ್‌ಗೆ ತರಲು ಗುಣಿಸಬೇಕಾದ ಸಂಖ್ಯೆ ಅದು.

ಮಂಜಿನಹನಿ:
2 ಡಿಗ್ರಿಗೆ 2.4. 15 ಡಿಗ್ರಿಗೆ 1.25. ಅಯ್ಯೋ, ನಾನು ಫೈಲ್‌ನಲ್ಲಿದ್ದ ಅಂಕಿಗಳನ್ನೇ ನೇರವಾಗಿ ತೆಗೆದುಕೊಂಡಿದ್ದೆ.

ಏಲಕ್ಕಿಗಿಡ:
ಅಲ್ವಾ! ಪ್ರತಿ ಸರಣಿಯನ್ನೂ ಅದರ ಸ್ಲೋಪ್‌ನಿಂದ ಗುಣಿಸಿ, ಇಂಟರ್‌ಸೆಪ್ಟ್ ಇದ್ದರೆ ಕೂಡಿಸಿ. ಕೆಲವು ಯಂತ್ರಗಳಲ್ಲಿ ಖಾಸಗಿ ಟ್ಯಾಗ್‌ನಲ್ಲಿ ಇನ್ನೊಂದು ಸ್ಕೇಲ್ ಇರುತ್ತದೆ, ಅದನ್ನೂ ನೋಡಿ. ಡೈನಾಮಿಕ್‌ನಲ್ಲಿ ಕೊನೆಯವರೆಗೂ ಒಂದೇ ಸ್ಲೋಪ್. ಬೇಸ್‌ಲೈನ್‌ನಿಂದ ಭಾಗಿಸಿದಾಗ ಅದು ಹೊಡೆದುಹೋಗುತ್ತದೆ, ಅದಕ್ಕೇ ಕರ್ವ್ ನೋಡಿದರೆ ಗೊತ್ತಾಗಲಿಲ್ಲ.

ಗೋಣಿಕೊಪ್ಪ_ಫಿಸಿಕ್ಸ್:
ಒಪ್ಪಿದೆ. ಆದರೂ ಕೆರೋಟಿಡ್‌ಗೆ ವಾಪಸ್ ಹೋಗಬೇಡಿ.

ಮಂಜಿನಹನಿ:
ರಾತ್ರಿ ಕರೆಂಟ್ ಬಂದ ತಕ್ಷಣ ಓಡಿಸಿದೆ. ಬಿಳಿ ಭಾಗ 890. ಸೈನಸ್ ಎಐಎಫ್ ಜೊತೆ ಗೆಡ್ಡೆಯಲ್ಲಿ ಕೆ-ಟ್ರಾನ್ಸ್ 0.3, ವಿ-ಇ 0.5. ಏಲಕ್ಕಿಗಿಡ ಅವರೇ, ತುಂಬಾ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಬೇಕು. ಈ 0.3 ನಾಳ ಸೋರುವುದರ ಅಳತೆ ಅಂತ ಗೈಡ್‌ಗೆ ಹೇಳಬಹುದಾ?

ಏಲಕ್ಕಿಗಿಡ:
ಹಾಗೆ ಹೇಳಬೇಡಿ. ಕೆ-ಟ್ರಾನ್ಸ್‌ನಲ್ಲಿ ಹರಿವು, ಸೋರಿಕೆ ಎರಡೂ ಸೇರಿವೆ. ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಹೊಳೆಯಿಂದ ನೀರೇ ಕಡಿಮೆ ಬಂದರೆ ಪೈಪಿನ ತೂತು ಎಷ್ಟು ದೊಡ್ಡದಿದ್ದರೂ ಹೊರಗೆ ಬೀಳುವುದು ಬಂದಷ್ಟೇ. ನಾಳ ಜಾಸ್ತಿ ಸೋರುವ ಕಡೆ ಕೆ-ಟ್ರಾನ್ಸ್ ಹರಿವನ್ನೇ ತೋರಿಸುತ್ತದೆ. ಸೋರಿಕೆ ಕಡಿಮೆ ಇರುವ ಕಡೆ ಸೋರಿಕೆಯನ್ನು ತೋರಿಸುತ್ತದೆ. ಬೇರೆ ಬೇರೆ ಮಾಡಬೇಕಾದರೆ ಚಿತ್ರಗಳು ತುಂಬಾ ಬೇಗ ಬೇಗ ತೆಗೆದಿರಬೇಕು. ನಿಮ್ಮದು ಎಷ್ಟು ಸೆಕೆಂಡಿಗೊಂದು?

ಹೊಳೆದಂಡೆ:
ಕಾಫಿತೋಟ ಅವರೇ, ಇನ್ವರ್ಟರ್ ಥ್ರೆಡ್ ತೆರೆದಿದ್ದೇನೆ, ಅಲ್ಲಿ ಬನ್ನಿ.

ಮಂಜಿನಹನಿ:
ಎಂಟು ಸೆಕೆಂಡಿಗೊಂದು.